ಕ್ಯಾಸಲ್‌ರಾಕಿಗೆ ರೈಲೋ ಬಸ್ಸೋ

ಗಣಿತದ ಟೀಚರಿಗೂ ನನಗೂ ಮಾತು ನಿಂತು ಒಂದೂವರೆ ವರ್ಷವಾಗಿತ್ತು. ಬ್ಯಾಡಗಿಯ ಆ ಹೈಸ್ಕೂಲಿನಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿಗೆ ಈ ಬದಿ ನಾನು, ಆ ಬದಿ ಅವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ನೌಕರಿಯಲ್ಲಿ ಮೂರು ವರ್ಷ ಮುಂದಿನವಳು. ಮೊದಮೊದಲು "ಅಕ್ಕೋರ" ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಮಾತು ನಿಂತ ಮೇಲೆ ನನ್ನ ಮನಸ್ಸಿನೊಳಗೆ ಅವಳು "ಅವಳು" ಆಗಿಬಿಟ್ಟಳು. ಇಷ್ಟು ವರ್ಷಗಳಾದ ಮೇಲೂ ಬರೆಯಲು ಕೂತರೆ ಆ ಬಹುವಚನ ಕೈಗೆ ಬರುವುದಿಲ್ಲ. ಇರಲಿ, ಹಾಗೇ ಬರೆಯುತ್ತೇನೆ.

ವೈರ ಹುಟ್ಟಿದ್ದು ಬಸ್ಸಿನಿಂದ. ನಾನು ಹಾವೇರಿಯಲ್ಲಿ ಅಣ್ಣ ಮತ್ತು ವೈನಿಯ ಮನೆಯಲ್ಲಿದ್ದೆ. ದಿನಾ ಬಸ್ಸು ಹಿಡಿದು ಬ್ಯಾಡಗಿಗೆ ಬರುತ್ತಿದ್ದೆ. ಅವಳು ರಾಣೆಬೆನ್ನೂರಿನಿಂದ ರೈಲಿನಲ್ಲಿ ಬರುತ್ತಿದ್ದಳು. ರೈಲು ಅವಳನ್ನು ಗಂಟೆ ಬಾರಿಸುವುದಕ್ಕೆ ಅರ್ಧ ತಾಸು ಮೊದಲೇ ಊರಿಗೆ ತಂದು ಬಿಡುತ್ತಿತ್ತು. ನನ್ನ ಬಸ್ಸಿಗೆ ಅಂಥ ಶಿಸ್ತು ಇರಲಿಲ್ಲ. ನೇರ ಬಸ್ಸು ತಪ್ಪಿದರೆ ಹೆದ್ದಾರಿಯ ಮೇಲೆ ಮೋಟೆಬೆನ್ನೂರಿನಲ್ಲಿ ಇಳಿದು, ಲಾರಿಗಳು ಎಬ್ಬಿಸಿದ ಧೂಳು ಕುಡಿಯುತ್ತ, ಒಳಗೆ ಹೋಗುವ ಟೆಂಪೋ ಕಾಯಬೇಕು. ಒಂದು ವಾರದಲ್ಲಿ ಮೂರು ದಿನ ತಡವಾಯಿತು. ಮೂರನೆಯ ದಿನ ಹೆಡ್‌ಮಾಸ್ತರರು ಹಾಜರಿ ಮಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆದು, "ನಿಮ್ಮ ಕ್ಲಾಸು ಗದ್ದಲ ಮಾಡತೈತಿ ಅಂತ ಬಾಜು ಕ್ಲಾಸಿನವರು ಹೇಳ್ಯಾರ್ರಿ" ಎಂದರು. ನನ್ನ ಕ್ಲಾಸಿನ ಒಂದು ಬಾಜು ಗೋಡೆ, ಇನ್ನೊಂದು ಬಾಜು ಗಣಿತ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ವೈನಿಯ ತವರುಮನೆ ರಾಣೆಬೆನ್ನೂರು. ಗಣಿತದಾಕೆಯ ಮನೆಯ ಸುದ್ದಿ ಅವರಿಗೆ ಗೊತ್ತಿತ್ತು. ಅವಳು ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಗಂಡ ಬೇರೊಬ್ಬಳನ್ನು ಮನೆಗೆ ತಂದುಕೊಂಡಿದ್ದ. ಶಾಲೆಯಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ, ಯಾಕೆಂದರೆ ಅವಳು ತಾಳಿ ಹಾಕಿಕೊಂಡೇ ಬರುತ್ತಿದ್ದಳು. ಒಂದು ಮಧ್ಯಾಹ್ನ, ಅವಳು ಕ್ಲಾಸಿನಲ್ಲಿದ್ದಾಗ, ಚಹಾ ಕುಡಿಯುತ್ತ ಚಿತ್ರಕಲೆಯ ಮಾಸ್ತರರು ಅವಳ ಶಿಸ್ತನ್ನು ಹೊಗಳಿದರು. ನಾನು ಬಸಿಯಲ್ಲಿದ್ದ ಚಹಾ ಆರಿಸುತ್ತ, "ಶಿಸ್ತು ಗಂಡನ ಮನಿಯಾಗ ಯಾಕ ನಡೀಲಿಲ್ಲ ಅಂತ ಕೇಳ್ರಿ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಒಂದು ವಾರದೊಳಗೆ ಒಂಬತ್ತನೆಯ ತರಗತಿಯ ಹುಡುಗಿಯರು ಅವಳು ಬೋರ್ಡಿನಿಂದ ತಿರುಗಿದಾಗಲೆಲ್ಲ ಅವಳ ಕೊರಳನ್ನೇ ನೋಡುತ್ತಿದ್ದರು. ಅಲ್ಲಿಗೆ ನಮ್ಮ ಮಾತು ನಿಂತಿತು. ಹೇಳಿದ್ದು ನಾನೇ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ; ಕೇಳುವ ಧೈರ್ಯವೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಶಾಲೆಗೆ ಒಂದು ಪತ್ರ ಬಂತು. ಧಾರವಾಡದ ಕೆಲವು ಹವ್ಯಾಸಿಗಳು ಶಿಕ್ಷಕರಿಗಾಗಿ ಕಾಲ್ನಡಿಗೆಯ ಪ್ರವಾಸ ಇಟ್ಟುಕೊಂಡಿದ್ದರು. ಕ್ಯಾಸಲ್‌ರಾಕಿನಿಂದ ಹೊರಟು ಘಟ್ಟದ ಕಾಡೊಳಗೆ ಒಂಬತ್ತು ದಿನ ನಡೆದು ಕಾರವಾರದ ಕಡಲು ಮುಟ್ಟುವುದು. ನಾನು ಆರು ವರ್ಷದಿಂದ ಭೂಗೋಳದ ಪಾಠಕ್ಕೆ ಬೋರ್ಡಿನ ಮೇಲೆ ಸಹ್ಯಾದ್ರಿಯನ್ನು ಹಸಿರು ಸೀಮೆಸುಣ್ಣದಿಂದ ಬರೆದು ಒರೆಸುತ್ತಿದ್ದವಳು. ಒಂದು ಸಲವೂ ಅದರ ಮೇಲೆ ಕಾಲಿಟ್ಟವಳಲ್ಲ. ಅಂದೇ ಅರ್ಜಿ ಬರೆದುಕೊಟ್ಟೆ. ದಸರಾ ರಜೆಯ ಕೊನೆಗೆ ಹೊರಡುವುದು. ರಜೆ ಮುಗಿದ ಮೇಲೂ ಮೂರು ದಿನ ಬೇಕು. ಹಾಗಾಗಿ ಶಾಲೆಯ ಒಪ್ಪಿಗೆ ಪತ್ರ ತರಲೇಬೇಕೆಂದು ಬರೆದಿದ್ದರು.

ಎರಡು ದಿನದ ಮೇಲೆ ಹೆಡ್‌ಮಾಸ್ತರರು ಕರೆದರು. ಒಳಗೆ ಹೋದರೆ ಅವಳು ಮೊದಲೇ ನಿಂತಿದ್ದಳು. ಅವಳೂ ಅರ್ಜಿ ಕೊಟ್ಟಿದ್ದಳು.

"ನೋಡ್ರಿ, ಒಬ್ಬಾಕಿನ್ನ ಕಾಡಿಗೆ ಕಳಿಸಿ ಆಮ್ಯಾಲೆ ಕಮಿಟಿಯವರಿಗೆ ಉತ್ತರಾ ಕೊಡಾಕ ನನ್ನ ಕಡೆ ಆಗೂದಿಲ್ಲ" ಎಂದರು ಹೆಡ್‌ಮಾಸ್ತರರು. "ಇಬ್ರೂ ಕೂಡಿ ಹೋಗ್ರಿ, ಕೂಡಿ ಬರ್ರಿ. ಇಬ್ಬರ ಹೆಸರಿಲೆ ಒಂದ ಪತ್ರ ಕೊಡ್ತೀನಿ. ಇಲ್ಲಾಂದ್ರ ಇಬ್ರೂ ಮನ್ಯಾಗ ಇರ್ರಿ."

ಅವಳು ಹೆಡ್‌ಮಾಸ್ತರರ ಹಿಂದಿನ ಗೋಡೆಯನ್ನು ನೋಡುತ್ತ, "ಆತ್ರಿ" ಎಂದಳು. ನಾನೂ ಅದೇ ಗೋಡೆಯನ್ನು ನೋಡುತ್ತ "ಆತ್ರಿ" ಎಂದೆ. ಬಿಟ್ಟುಕೊಟ್ಟರೆ ಅವಳು ಗೆದ್ದಂತೆ.

ಇನ್ನು ಕ್ಯಾಸಲ್‌ರಾಕ್ ಮುಟ್ಟುವುದು ಹೇಗೆ ಎಂಬ ಪ್ರಶ್ನೆ. ಭಾನುವಾರ ಸಂಜೆ ನಾಲ್ಕರೊಳಗೆ ಅಲ್ಲಿರಬೇಕು, ನಾಲ್ಕಕ್ಕೆ ರಜಿಸ್ಟರು ಮುಚ್ಚುತ್ತೇವೆ ಎಂದು ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿದ್ದರು. ನಮ್ಮ ಶಾಲೆಯ ವಯಸ್ಸಾದ ಸಿಪಾಯಿಯ ಬಾಯಿಂದ ನಮ್ಮ ಸಂಧಾನ ಶುರುವಾಯಿತು. ಅವರು ಮೇಜಿನ ಆ ಬದಿಯಿಂದ ಈ ಬದಿಗೆ ಬಂದು, "ಆ ಅಕ್ಕೋರು ರೈಲು ಅಂತಾರ್ರಿ" ಎಂದರು.

"ಬಸ್ಸು ಅಂತ ಹೇಳ್ರಿ ಕಾಕಾ."

ಅವರು ಎರಡು ಹೆಜ್ಜೆ ಹೋಗಿ ಹೇಳಿ ಮತ್ತೆ ಎರಡು ಹೆಜ್ಜೆ ಬಂದರು. "ಆಗೂದಿಲ್ಲ ಅಂತಾರ್ರಿ." ಆಮೇಲೆ ದನಿ ತಗ್ಗಿಸಿ, "ನಡುವ ಒಂದ ಮೇಜ ಐತಿ, ಅಕ್ಕೋರ. ನೀವ ಹೇಳಿದ್ರೂ ಅವರಿಗೆ ಕೇಳಸ್ತೈತಿ" ಎಂದರು.

"ನನಗ ಕೇಳಸೂದ ಬೇಕಾಗಿಲ್ಲ" ಎಂದಳು ಆ ಬದಿಯಿಂದ ಅವಳು, ಸಿಪಾಯಿಗೆ ಹೇಳುವಂತೆ. ಒಂದೂವರೆ ವರ್ಷದಲ್ಲಿ ಅದೇ ಮೊದಲ ಮಾತು.

ಅವಳ ಲೆಕ್ಕ ಸರಳವಾಗಿತ್ತು. ರಾಣೆಬೆನ್ನೂರಿನಲ್ಲಿ ಬೆಳಗಿನ ಗಾಡಿ ಹತ್ತಿದರೆ ಬ್ಯಾಡಗಿ, ಹಾವೇರಿ ದಾಟಿ ಹುಬ್ಬಳ್ಳಿ, ಅಲ್ಲಿಂದ ಲೋಂಡಾ, ಲೋಂಡಾದಲ್ಲಿ ಗಾಡಿ ಬದಲಿಸಿದರೆ ಮಧ್ಯಾಹ್ನ ಎರಡರ ಸುಮಾರಿಗೆ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲೇ ಇಳಿಯಬಹುದು. ನಾನು ಮಾತ್ರ ಹಾವೇರಿ ಬಸ್‌ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿಬಂದೆ. ಅವನು ತಲೆ ಎತ್ತದೆ, "ಹುಬ್ಬಳ್ಳಿಗೆ ಹೋಗ್ರಿ, ಗೋವಾ ಗಾಡಿ ಹತ್ತ್ರಿ, ಕ್ರಾಸಿನ್ಯಾಗ ಇಳೀರಿ. ಅಲ್ಲಿಂದ ಒಳಗ ಹನ್ನೊಂದು ಕಿಲೋಮೀಟರ್ ಆಗತೈತಿ. ಅದಕ್ಕ ಗಾಡಿ ಇಲ್ಲ. ಮುಂದಿಂದು ನಮ್ಮ ಕೆಲಸ ಅಲ್ಲ" ಎಂದ. ಹನ್ನೊಂದು ಕಿಲೋಮೀಟರಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಯಾವುದಾದರೂ ಕಟ್ಟಿಗೆ ಲಾರಿ ಸಿಕ್ಕೇ ಸಿಗುತ್ತದೆ ಎಂದುಕೊಂಡೆ.

ಖರೇ ಹೇಳಬೇಕೆಂದರೆ ರೈಲೇ ಸರಿಯಾದ ದಾರಿ ಎಂದು ನನಗೂ ಗೊತ್ತಿತ್ತು. ನಕ್ಷೆ ಓದುವವಳು ನಾನು. ಆದರೆ ರೈಲು ಅವಳದು. ಏಳು ತಾಸು ಅವಳ ಡಬ್ಬಿಯಲ್ಲಿ, ಅವಳ ಎದುರಿನ ಬಾಕಿನ ಮೇಲೆ, ಅವಳು ಆರಿಸಿದ ಗಾಡಿಯಲ್ಲಿ ಕೂತು ಹೋಗುವುದು ನನ್ನಿಂದಾಗದ ಮಾತಾಗಿತ್ತು.

ಹೊರಡುವ ಎಂಟು ದಿನ ಮೊದಲು ಹೆಡ್‌ಮಾಸ್ತರರು ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು. "ಹೇಳ್ರಿ. ಒಂದ ಗಾಡಿ, ಎರಡ ಗಾಡಿ ಅಲ್ಲ."

"ರೈಲು ಊರಾಗ ಇಳಸ್ತೈತ್ರಿ ಸರ್" ಎಂದಳು ಅವಳು. "ಬಸ್ಸು ಊರ ಹೊರಗ ಬಿಟ್ಟು ಹೋಗತೈತಿ. ಬಸ್ಸು ನಂಬಿದವರು ಎಷ್ಟೊತ್ತಿಗೆ ಬರ್ತಾರ ಅನ್ನೂದು ನಿಮ್ಮ ಮಸ್ಟರ್‌ನ್ಯಾಗ ಐತಿ."

"ಲೋಂಡಾದಾಗ ಒಂದು ಗಾಡಿ ತಪ್ಪಿದ್ರ ಸಂಜಿತನಕ ಇನ್ನೊಂದಿಲ್ರಿ" ಎಂದೆ ನಾನು. "ಬಸ್ಸು ಒಂದು ಹೋದ್ರ ಇನ್ನೊಂದು ಬರತೈತಿ. ಆದ್ರ ಕೆಲವರಿಗೆ ಒಂದ ದಾರಿ ಗೊತ್ತು ನೋಡ್ರಿ. ಬಂದ ದಾರಿ ಹಿಡದು ತವರಿಗೆ ತಿರುಗೂದು."

ಅವಳ ಬೆರಳುಗಳು ಸೆರಗಿನ ಅಂಚಿನ ಮೇಲೆ ನಿಂತುಬಿಟ್ಟವು. ಹೆಡ್‌ಮಾಸ್ತರರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಡ್ರಾವರಿನಿಂದ ಒಪ್ಪಿಗೆ ಪತ್ರ ತೆಗೆದು ಸಹಿ ಹಾಕಿ ಅವಳ ಮುಂದೆ ಸರಿಸಿದರು.

"ರೈಲು. ಪತ್ರ ಇವರ ಕಡೆ ಇರ್ಲಿ. ನೀವು ಹಾವೇರಿ ಸ್ಟೇಷನ್ನಿನ್ಯಾಗ ಹೆಂಗಸರ ಡಬ್ಬಿ ಹತ್ತ್ರಿ. ಮುಗೀತು."

"ಹತ್ತೀನ್ರಿ" ಎಂದೆ. ಅವಳು ಮೊದಲ ಬಾರಿಗೆ ನನ್ನ ಕಡೆ ತಿರುಗಿ, "ನಾ ಬಾಗಲದಾಗ ನಿಂತಿರ್ತೀನಿ" ಎಂದಳು. ಅಷ್ಟೇ ಹೇಳಿದಳು.

ಆ ಎಂಟು ದಿನ ನನ್ನ ತಲೆಯೊಳಗೆ ಆ ಮಾತು ಕುದಿಯುತ್ತಲೇ ಇತ್ತು. ನಾನೇನು ದಾರಿ ತಪ್ಪುವ ಕೂಸೇ, ಬಾಗಿಲಲ್ಲಿ ನಿಂತು ಎತ್ತಿಕೊಳ್ಳಲು? ಹಾವೇರಿ ಪೇಟೆಯಲ್ಲಿ ಕ್ಯಾನ್‌ವಾಸ್ ಬೂಟು ಕೊಂಡೆ. ಹೊಲಸಾಗಬಾರದೆಂದು ಒಂದು ದಿನವೂ ಹಾಕಲಿಲ್ಲ. ವೈನಿ ಬೂಟನ್ನು ನೋಡಿ, "ಮದಿವಿ ಮಾಡ್ಕೊ ಅಂದ್ರ ಕಾಡು ತಿರುಗಾಕ ಹೊಂಟಾಳ" ಎಂದು ಅಣ್ಣನಿಗೆ ಕೇಳುವಂತೆ ಗೊಣಗಿದರು. ಯಾವ ಗಾಡಿಗೆ ಹೋಗುತ್ತೀ ಎಂದು ಅಣ್ಣ ಕೇಳಿದಾಗ ನನ್ನ ಬಾಯಿಂದ ಬಂದದ್ದು "ಬಸ್ಸಿಗೆ" ಎಂದೇ. "ಇಬ್ರೂ ಬಸ್ಸಿಗೆ. ಆಕಿ ಸ್ಟ್ಯಾಂಡಿಗೆ ಬರ್ತಾಳ." ನಿರ್ಧಾರ ಆದದ್ದು ಆ ಗಳಿಗೆಯಲ್ಲೇ. ಅವಳಿಗಿಂತ ಮೊದಲು ನಾನು ಕ್ಯಾಸಲ್‌ರಾಕಿನಲ್ಲಿರಬೇಕು. ಅವಳು ರೈಲಿನಿಂದ ಇಳಿದಾಗ ನಾನು ಪ್ಲಾಟ್‌ಫಾರಂ ಮೇಲೆ ನಿಂತಿರಬೇಕು. ಅದೊಂದೇ ಚಿತ್ರ ಕಣ್ಣ ಮುಂದಿತ್ತು.

ಭಾನುವಾರ ಐದು ಗಂಟೆಗೆ ಮನೆ ಬಿಟ್ಟೆ. ಹುಬ್ಬಳ್ಳಿ ಬಸ್ಸು ಹೊರಟಾಗ ಪೂರ್ತಿ ಬೆಳಕಾಗಿರಲಿಲ್ಲ. ಇನ್ನು ತಾಸಿನೊಳಗೆ ಹಾವೇರಿ ಸ್ಟೇಷನ್ನಿಗೆ ಅವಳ ಗಾಡಿ ಬರುತ್ತದೆ, ಅವಳು ಬಾಗಿಲಲ್ಲಿ ನಿಂತು ಕತ್ತು ಚಾಚುತ್ತಾಳೆ, ನಾನಿರುವುದಿಲ್ಲ. ಇದನ್ನು ನೆನೆದು ನನಗೆ ಹಿತವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾದದ್ದು ನಿಜ.

ಹುಬ್ಬಳ್ಳಿಯಲ್ಲಿ ಗೋವಾ ಬಸ್ಸು ತುಂಬಿ ತುಳುಕುತ್ತಿತ್ತು. ಲೋಂಡಾದವರೆಗೆ ನಿಂತೇ ಹೋದೆ. ಯಾರದೋ ತಗಡಿನ ಟ್ರಂಕು ಪ್ರತಿ ತಿರುವಿನಲ್ಲಿ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಸರಿಸಿ ಎಂದರೆ ಅದರ ಒಡೆಯ, "ನೀವ ಸರೀರಿ, ಟ್ರಂಕಿಗೆ ಕಾಲಿಲ್ಲ" ಎಂದ. ಕಂಡಕ್ಟರು ನನ್ನ ಬ್ಯಾಗಿಗೆ ಕಾಲು ತಾಗಿದಾಗಲೆಲ್ಲ ಅದನ್ನು ಒದ್ದು ಮುಂದೆ ನೂಕಿದ. ಲೋಂಡಾ ಸ್ಟೇಷನ್ ದಾರಿ ಕಂಡಾಗ ಗಂಟೆ ಹನ್ನೊಂದು ಹೊಡೆದಿತ್ತು. ಅಲ್ಲಿ ಇಳಿದು ರೈಲಿಗೆ ಹೋಗಬಹುದಿತ್ತು. ಈಗ ನೆನೆದರೆ ಅದೇ ಬುದ್ಧಿವಂತರು ಮಾಡುವ ಕೆಲಸ. ಆದರೆ ಆ ಗಾಡಿಯಲ್ಲೇ ಅವಳು ಬರುತ್ತಾಳಲ್ಲ. ಕೂತೇ ಇದ್ದೆ, ಆ ಹೊತ್ತಿಗೆ ಸೀಟೊಂದು ಸಿಕ್ಕಿತ್ತು.

ಕ್ರಾಸಿನಲ್ಲಿ ಕಂಡಕ್ಟರು ಸೀಟಿ ಊದಿ, "ಇಲ್ಲಿ ಯಾಕ ಇಳೀತೀರಿ? ಒಬ್ಬರ?" ಎಂದು ಕೇಳಿದ.

"ನನಗ ದಾರಿ ಗೊತ್ತೈತ್ರಿ."

ಬಸ್ಸು ಹೊಗೆ ಬಿಟ್ಟು ಹೋದ ಮೇಲೆ ಅಲ್ಲಿ ಉಳಿದದ್ದು ನಾನು, ಒಂದು ಮೈಲುಗಲ್ಲು ಮತ್ತು ಕಾಡಿನೊಳಗೆ ಹೋಗುವ ಕೆಂಪು ಮಣ್ಣಿನ ದಾರಿ. ಅರ್ಧ ತಾಸು ಲಾರಿ ಕಾದೆ. ಭಾನುವಾರ ಕಟ್ಟಿಗೆ ಲಾರಿಗಳಿಗೂ ರಜೆ ಎಂಬುದು ನನಗೆ ಹೊಳೆದಿರಲಿಲ್ಲ. ಕೈಗಡಿಯಾರ ಹನ್ನೆರಡೂವರೆ ತೋರಿಸಿತು. ಬೂಟಿನ ದಾರ ಬಿಗಿದು ನಡೆಯತೊಡಗಿದೆ.

ಅಂಥ ದಾರಿಯನ್ನು ನಾನು ಅಲ್ಲಿಯವರೆಗೆ ಕಂಡವಳಲ್ಲ. ನಮ್ಮ ಕಡೆ ಹೊಲದ ಬದುವಿನ ಮೇಲೆ ನಿಂತರೆ ಮೂರು ಊರಿನ ಗುಡಿಯ ಶಿಖರಗಳು ಕಾಣುತ್ತವೆ. ಇಲ್ಲಿ ಮುಂದಿನ ತಿರುವು ಬಿಟ್ಟರೆ ಏನೂ ಕಾಣದು. ಮಳೆ ನಿಂತು ಹದಿನೈದು ದಿನವೂ ಆಗಿರಲಿಲ್ಲ. ನೆಲ ಹಬೆಯಾಡುತ್ತಿತ್ತು. ಉಸಿರೆಳೆದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದಂತೆ. ನೆರಳಲ್ಲಿ ನಿಂತರೆ ಜಿಗಣೆ ಹತ್ತುತ್ತವೆ, ಬಿಸಿಲಲ್ಲಿ ನಿಂತರೆ ತಲೆ ಸುತ್ತುತ್ತದೆ, ನಿಲ್ಲುವಂತೆಯೇ ಇರಲಿಲ್ಲ. ಮೂರನೆಯ ಕಿಲೋಮೀಟರಿನಲ್ಲಿ ಬಲ ಹಿಮ್ಮಡಿ ಉರಿಯತೊಡಗಿತು. ಐದನೆಯದರಲ್ಲಿ ಬ್ಯಾಗಿನ ಪಟ್ಟಿ ಕಿತ್ತು, ಅದನ್ನು ಕೂಸಿನಂತೆ ಬಗಲಿಗೆ ಹಾಕಿಕೊಂಡೆ. ಪೊದೆಯಲ್ಲಿ ಏನೋ ದೊಡ್ಡದು ಸರಿದ ಸದ್ದಾದಾಗ ಓಡಿದೆ. ಓಡಿದ್ದಕ್ಕೆ ಹಿಮ್ಮಡಿಯ ಗುಳ್ಳೆ ಒಡೆಯಿತು. ಆಮೇಲೆ ಪ್ರತಿ ಹೆಜ್ಜೆಗೂ ಬೂಟಿನೊಳಗೆ ಹಸಿಯಾಗುತ್ತಿತ್ತು. ನಡುದಾರಿಯಲ್ಲಿ ಕೂತು ಅತ್ತೆ. ಆಗಲೂ ನಾನು ಬೈಯುತ್ತಿದ್ದದ್ದು ಅವಳನ್ನೇ. ಈ ಹೊತ್ತಿಗೆ ರೈಲಿನ ಬಾಕಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಾಳೆ ಎಂದುಕೊಂಡು ಎದ್ದು ನಡೆದೆ.

ಕ್ಯಾಸಲ್‌ರಾಕ್ ಸ್ಟೇಷನ್ ಕಂಡಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ ಇತ್ತು. ಸ್ಟೇಷನ್ನಿನ ಹಿಂದೆ ಒಂದು ಹಳೆಯ ಖಾಲಿ ಶೆಡ್ಡಿನಲ್ಲಿ ಇಪ್ಪತ್ತರಷ್ಟು ಮಂದಿ ಇಳಿದುಕೊಂಡಿದ್ದರು. ಅವರಲ್ಲಿ ನಾಲ್ವರು ಹೆಂಗಸರು. ಮುಂದಾಳು ಸರ್ವೆ ಇಲಾಖೆಯಿಂದ ನಿವೃತ್ತರಾದ ಒಣಕಲು ಮೈಯ ಹಿರಿಯರು. ಬಾಗಿಲಿಗೆ ಮೇಜು ಹಾಕಿ ರಜಿಸ್ಟರು ಇಟ್ಟುಕೊಂಡು ಕೂತಿದ್ದರು. ಹೆಸರು, ಊರು ಹೇಳಿದೆ.

"ಪತ್ರ?"

"ಇನ್ನೊಬ್ಬರ ಹತ್ರ ಐತ್ರಿ. ರೈಲಿಗೆ ಬಂದಿರಬೇಕು."

"ಎರಡರ ಗಾಡಿ ಬಂದು ಹೋತು. ಬ್ಯಾಡಗಿಯವರು ಯಾರೂ ಇಳೀಲಿಲ್ಲ."

ಮೊದಲು ಆದದ್ದು ಸಂತೋಷ. ಗಾಡಿ ತಪ್ಪಿದೆ ಅವಳಿಗೆ. ನಾನು ಹೇಳಿದ್ದೇ ನಿಜವಾಯಿತು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಎರಡನೆಯದೂ ಹೊಳೆಯಿತು. ಪತ್ರವಿಲ್ಲದೆ ನನ್ನನ್ನೂ ತೆಗೆದುಕೊಳ್ಳುವುದಿಲ್ಲ. ನಾಲ್ಕು ಗಂಟೆಗೆ ಮುಂದಾಳು ರಜಿಸ್ಟರು ಮುಚ್ಚಿ ಅದರ ಮೇಲೆ ಒಂದು ಕಲ್ಲಿಟ್ಟರು. "ಕುಂದ್ರಿ. ನೋಡೂಣು" ಎಂದರು. ಗೋಡೆಗೆ ಒರಗಿ ಬೂಟು ಬಿಚ್ಚಿದೆ. ಹಿಮ್ಮಡಿಯ ತೊಗಲು ಕಾಲುಚೀಲದ ಜೊತೆಗೇ ಬಂತು. ಕಡಲತಡಿಯ ಊರಿನಿಂದ ಬಂದಿದ್ದ ಒಬ್ಬ ಟೀಚರು ಅದನ್ನು ನೋಡಿ ಮುಖ ತಿರುಗಿಸಿದರು.

ಆರರ ಸುಮಾರಿಗೆ ಇನ್ನೊಂದು ಗಾಡಿ ಬಂತು. ಅವಳು ಇಳಿದು ಬಂದಳು. ಕಲ್ಲಿದ್ದಲ ಮಸಿ ಹಣೆಯ ಮೇಲೆ, ಹೆಗಲಿಗೆ ಚೀಲ, ಸೀರೆ ಎತ್ತಿ ಕಟ್ಟಿದ್ದಳು. ನನ್ನನ್ನು ಕಂಡಳು. ಕಂಡೂ ಕಾಣದವಳಂತೆ ನೇರವಾಗಿ ಮೇಜಿನ ಹತ್ತಿರ ಹೋಗಿ ಪತ್ರ ಬಿಚ್ಚಿಟ್ಟಳು.

"ನಾಲ್ಕು ಆಗಿ ಎರಡು ತಾಸಾತು" ಎಂದರು ಮುಂದಾಳು.

"ಹೌದ್ರಿ. ನಂದು ಬೆಳಗಿನ ಗಾಡಿ. ಈ ಅಕ್ಕೋರು ಹಾವೇರ್ಯಾಗ ಹತ್ತೂದಿತ್ತು. ಹತ್ತಲಿಲ್ಲ. ಕೂಡಿ ಬರ್ಬೇಕು ಅಂತ ಪತ್ರದಾಗ ಐತಿ, ಅದಕ್ಕ ನಾ ಇಳದು ಪ್ಲಾಟ್‌ಫಾರಂ ಹುಡುಕಿದೆ. ಹುಡುಕೂದ್ರಾಗ ಗಾಡಿ ಬಿಟ್ಟು ಹೋತು. ಆರಾಮ ತಪ್ಪೇತೋ ಏನೋ ಅಂತ ಟಾಂಗಾ ಮಾಡ್ಕೊಂಡು ಇವರ ಮನಿಗೆ ಹೋದೆ. ಇಬ್ರೂ ಬಸ್ಸಿಗೆ ಹೋಗ್ಯಾರಲ್ಲ ಅಂತ ಇವರ ವೈನಿ ಅಂದ್ರು."

ಒಂದೊಂದು ಮಾತನ್ನೂ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವ ದನಿಯಲ್ಲೇ ಹೇಳಿದಳು. ಶೆಡ್ಡಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

"ಹೌದೇನ್ರಿ?" ಎಂದರು ಮುಂದಾಳು ನನಗೆ.

"ಹೌದ್ರಿ."

"ಯಾಕ?"

ಹೇಳಲು ಬಹಳ ಇತ್ತು. ಕೆಂಪು ಗೆರೆ, ಮೇಜು, ಬಾಗಿಲು. ಆ ಇಪ್ಪತ್ತು ಜನರ ಮುಂದೆ ಒಂದನ್ನೂ ಹೇಳುವಂತಿರಲಿಲ್ಲ. "ನನಗ ರೈಲು ಬ್ಯಾಡಾಗಿತ್ತು" ಎಂದೆ.

ಅವರು ಬಗ್ಗಿ ನನ್ನ ಹಿಮ್ಮಡಿ ನೋಡಿದರು. "ಕಾಲು ನೋಡಿ ನಾ ಬ್ಯಾಡ ಅನ್ನಾಕತ್ತಿಲ್ಲ. ಕಟ್ಟು ಕಟ್ಟಿ ನಡಸಬಹುದು. ನಾಡಿದ್ದಿನಿಂದ ಮೂರು ದಿವಸ ದಾರಿನ ಇಲ್ಲ ನಮಗ. ಬಳ್ಳಿ ಹಿಡದು ಇಳೀಬೇಕು. ಮುಂದಿನವರು ನಿಂತೀನಿ ಅಂದಲ್ಲಿ ನಿಂತಿರಬೇಕು, ಹಿಂದಿನವರು ಬರ್ತೀನಿ ಅಂದಲ್ಲಿ ಬರಬೇಕು. ನೀವು ಬರಂಗಿಲ್ಲ." ರಜಿಸ್ಟರಿನ ಮೇಲಿನ ಕಲ್ಲು ತೆಗೆದು ಅವಳ ಹೆಸರು ಬರೆದರು. "ನಾಳಿ ಮುಂಜಾನೆ ಗಾಡಿ ಐತಿ. ಇವತ್ತು ಇಲ್ಲೇ ಊಟ ಮಾಡಿ ಮಲಕ್ಕೊಳ್ರಿ."

ಬೇಡಿಕೊಂಡೆ. ಬೇಡಿದ್ದನ್ನು ಅವಳು ಕೇಳುತ್ತ ನಿಂತಿದ್ದಳು; ನನಗಾಗಿ ಒಂದು ಮಾತು ಆಡಲಿಲ್ಲ. ಆಡಬೇಕೆಂದು ನಾನು ಯಾಕೆ ಅಂದುಕೊಂಡೆನೋ.

ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಎಣಿಸಿಕೊಳ್ಳುವಾಗ ನಾನು ಕುಂಟುತ್ತ ಸ್ಟೇಷನ್ ಕಡೆ ಹೊರಟಿದ್ದೆ. ಅವಳು ಸಾಲು ಬಿಟ್ಟು ನನ್ನ ಹಿಂದೆ ಬಂದಳು.

"ಒಂದು ಹೇಳೂದೈತಿ. ನನ್ನ ಮನಿ ಸುದ್ದಿ ಸ್ಟಾಫ್ ರೂಮಿನ್ಯಾಗ ಹೇಳಿದವರು ನೀವ ಅಂತ ನನಗ ಅವತ್ತ ಗೊತ್ತಾಗಿತ್ತು. ನಿಮ್ಮ ಕ್ಲಾಸು ಗದ್ದಲ ಮಾಡತೈತಿ ಅಂತ ಹೇಳಿದಾಕಿ ನಾನ. ಅದು ಖರೇ ಇತ್ತು, ಹೇಳಿದೆ. ನೀವು ಹೇಳಿದ್ದೂ ಖರೇ ಐತಿ. ಆದ್ರ ಎರಡೂ ಒಂದ ಅಲ್ಲ."

ಅಲ್ಲ ಎಂದು ನನಗೂ ಗೊತ್ತಿತ್ತು. ತಪ್ಪಾಯಿತು ಎನ್ನಬೇಕಾದ ಹೊತ್ತು ಅದು. ನಾನು ಬ್ಯಾಗನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡೆ. ಸಾಲಿನಿಂದ ಯಾರೋ ಕೂಗಿದರು, ಅವಳು ಹೋದಳು. ಅವರು ಕಾಡಿಗೆ ಇಳಿಯುವುದನ್ನು ನಾನು ಪ್ಲಾಟ್‌ಫಾರಮ್ಮಿನಿಂದ ನೋಡಿದೆ. ಕೊನೆಯವಳಾಗಿ ನಡೆಯುತ್ತಿದ್ದವಳು ಅವಳೇ. ತಿರುಗಿ ನೋಡಲಿಲ್ಲ.

ಮನೆಗೆ ಬಂದು ವೈನಿಗೆ ಕಾಲು ತೋರಿಸಿ, ನಡೆಯಲಾಗಲಿಲ್ಲ ಎಂದು ಹೇಳಿದೆ. ಅವರು ಅರಿಸಿನ ಕಲಸಿ ಹಚ್ಚುತ್ತ, "ಆಕಿ ನಿನ್ನ ಹುಡಿಕ್ಕೊಂಡು ಬಂದಿದ್ಲು. ನೀನು ಹೇಳಿದ್ದ ಬ್ಯಾರೆ, ಆದದ್ದ ಬ್ಯಾರೆ. ನನ್ನ ಯಾಕ ಸುಳ್ಳಿನಾಗ ಹಾಕಿದಿ?" ಎಂದು ಕೇಳಿದರು. ಶಾಲೆ ಶುರುವಾದ ಮೂರು ದಿನವೂ ಮನೆ ಬಿಟ್ಟು ಹೊರಗೆ ಬರಲಿಲ್ಲ, ರಜೆ ಮಂಜೂರಾಗಿತ್ತಲ್ಲ. ನಾಲ್ಕನೆಯ ದಿನ ಇಬ್ಬರೂ ಶಾಲೆಗೆ ಹೋದೆವು, ಅವಳು ರೈಲಿನಲ್ಲಿ, ನಾನು ಬಸ್ಸಿನಲ್ಲಿ.

ಅವಳ ಮುಖ ಬಿಸಿಲಿಗೆ ಕಪ್ಪಾಗಿತ್ತು, ಕೈಮೇಲೆಲ್ಲ ಗೀರು. ಚಿತ್ರಕಲೆಯ ಮಾಸ್ತರರು ಬಿಡಲಿಲ್ಲ. ಹೆಂಗಿತ್ತು, ಏನು ಕಂಡಿರಿ ಎಂದು ಕೇಳಿದರು. ಅವಳು ಹಳ್ಳ ದಾಟಿದ್ದು, ಬಿದಿರ ಮೆಳೆಯಲ್ಲಿ ದಾರಿ ಕಾಣದೆ ನಿಂತದ್ದು, ಎಂಟನೆಯ ದಿನ ಗುಡ್ಡದ ನೆತ್ತಿಯಿಂದ ಕಡಲು ಕಂಡದ್ದು ಎಲ್ಲವನ್ನೂ ಹೇಳಿದಳು. ಚೆನ್ನಾಗಿ ಹೇಳಿದಳು. ಹೆಡ್‌ಮಾಸ್ತರರೂ ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ತಲೆ ಬಗ್ಗಿಸಿದ್ದೆ. ಅವಳು ನನ್ನ ಸುದ್ದಿ ಎತ್ತುವುದಿಲ್ಲ ಎಂದು ನನಗೆ ಅರ್ಧ ನಂಬಿಕೆ ಬಂದಿತ್ತು.

ಆಗ ಅವಳು ಚಹಾದ ಬಸಿ ಕೆಳಗಿಟ್ಟು, "ನಾ ಒಬ್ಬಾಕಿನ ಎಷ್ಟು ಹೇಳ್ಲಿ? ಆ ಅಕ್ಕೋರ್ನ ಕೇಳ್ರಿ. ಅವರೂ ಬಂದಿದ್ರಲ್ಲ" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ನೋಡುತ್ತಿದ್ದಳು, ಮೇಜಿನ ಆ ಬದಿಯಿಂದ, ನೇರವಾಗಿ. ನಾನು ಅವಳ ಮನೆಯ ಮಾತನ್ನು ಹರಡಿದ್ದು ಇದೇ ಮೇಜಿನ ಮೇಲೆ, ಚಹಾದ ಇದೇ ಹೊತ್ತಿನಲ್ಲಿ. ಬಂದಿದ್ದೆ, ಚೆನ್ನಾಗಿತ್ತು ಎಂದರೆ ಮುಗಿಯುತ್ತಿತ್ತು. ಆ ಸುಳ್ಳಿಗೆ ಸಾಕ್ಷಿಯಾಗಿ ಅವಳು ಇನ್ನೆಷ್ಟು ವರ್ಷ ಎದುರಿಗೆ ಕೂತಿರುತ್ತಾಳೆಂದು ನೆನೆದರೆ ಮೈ ಉರಿಯಿತು. ಸುಳ್ಳಿನ ಮೇಲಿನ ಅಸಹ್ಯಕ್ಕಿಂತ ಹೆಚ್ಚಾಗಿ ಅವಳ ಮೇಲಿನ ಸಿಟ್ಟೇ ನನ್ನಿಂದ ನಿಜ ಹೇಳಿಸಿತು.

"ನಾ ನಡೀಲಿಲ್ರಿ" ಎಂದೆ. "ಹಾವೇರ್ಯಾಗ ರೈಲು ಹತ್ತತೀನಿ ಅಂತ ಹೇಳಿ ಬಸ್ಸಿಗೆ ಹೋದೆ. ಅವರು ನನ್ನ ಹುಡುಕಾಕ ಇಳದು ಗಾಡಿ ತಪ್ಪಿಸ್ಕೊಂಡ್ರು. ಮುಂದಾಳು ನನ್ನ ವಾಪಸ್ ಕಳಿಸಿದ್ರು." ಬಾಗಿಲ ಕಡೆ ತಿರುಗಿದೆ. "ಮೂರು ದಿನ ಮನ್ಯಾಗ ಇದ್ದೆ. ಆ ರಜಾ ನನ್ನ ಸ್ವಂತ ರಜಾದಾಗ ಹಿಡೀರಿ, ಸರ್."

ಹೆಡ್‌ಮಾಸ್ತರರು ತಮ್ಮ ಕೋಣೆಗೆ ಹೋದರು. ಚಿತ್ರಕಲೆಯ ಮಾಸ್ತರರು ಬಸಿ ಹಿಡಿದುಕೊಂಡು ಕಿಟಕಿಯಾಚೆ ನೋಡತೊಡಗಿದರು. ಅವಳ ಮುಖದಲ್ಲಿ ಗೆದ್ದ ಕಳೆ ಕಾಣುತ್ತದೆಂದು ಕಾದೆ. ಕಾಣಲಿಲ್ಲ. ಅವಳು ಸುಸ್ತಾದವಳಂತಿದ್ದಳು. ಗಂಟೆ ಹೊಡೆಯಿತು, ಸೀಮೆಸುಣ್ಣ ತೆಗೆದುಕೊಂಡು ಹತ್ತನೆಯ ತರಗತಿಗೆ ಹೋದಳು.

ಆಮೇಲೆ ನಮ್ಮ ನಡುವೆ ಮಾತು ಶುರುವಾಯಿತು, ಆದರೆ ಕೆಲಸದ ಮಾತಷ್ಟೇ. ಪರೀಕ್ಷೆಯ ವೇಳಾಪಟ್ಟಿ, ನಕ್ಷೆಯ ಕೋಲು, 'ನಿಮ್ಮ ಪಿರಿಯಡ್ ಮುಗೀತಾ?' ಸಿಪಾಯಿ ಕಾಕಾನಿಗೆ ಅಷ್ಟು ಕೆಲಸ ಕಡಿಮೆಯಾಯಿತು. ನಾನು ಕ್ಷಮೆ ಕೇಳಲಿಲ್ಲ. ಎರಡು ಮೂರು ಸಲ ಇಬ್ಬರೇ ಇದ್ದಾಗ ಬಾಯಿ ತೆರೆದೆ. ಆ ಪ್ರತಿ ಸಲವೂ ಅವಳು ಪುಸ್ತಕ ಮಡಚಿ ಎದ್ದಳು. ನನಗೆ ಕೇಳುವುದು ಬೇಕಿಲ್ಲದಿದ್ದಂತೆಯೇ ಅವಳಿಗೆ ಕೊಡುವುದೂ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ತೊಂಬತ್ತರ ದಶಕ ಶುರುವಾದ ಮೇಲೆ ಅವಳಿಗೆ ರಾಣೆಬೆನ್ನೂರಿನಲ್ಲೇ ಒಂದು ಶಾಲೆ ಸಿಕ್ಕಿತು. ಬೀಳ್ಕೊಡುವ ದಿನ ಮಕ್ಕಳು ಅತ್ತರು. ಅತ್ತ ಹುಡುಗಿಯರಲ್ಲಿ ಒಬ್ಬಳೂ ಅವಳ ಕೊರಳು ನೋಡುತ್ತಿರಲಿಲ್ಲ. ಅವಳೂ ಆ ಹೊತ್ತಿಗೆ ತಾಳಿ ತೆಗೆದಿಟ್ಟು ಬರುತ್ತಿದ್ದಳು. ಹೆಂಗಸೆಂದು ನಾನೊಬ್ಬಳೇ ಇದ್ದುದರಿಂದ ಹಾರ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಚೆಂಡುಹೂವಿನ ದಪ್ಪ ಹಾರ. ಅವಳು ತಲೆ ಬಗ್ಗಿಸಿದಳು, ನಾನು ಹಾಕಿದೆ. ಹಾರ ಜಡೆಗೆ ಸಿಕ್ಕಿಕೊಂಡಿತು. ಬಿಡಿಸಲು ಕೈ ಚಾಚಿದೆ.

"ಸಾಕ್ರಿ, ನಾ ತಕ್ಕೋತೀನಿ" ಎಂದಳು ಅವಳು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. ತಾನೇ ಬಿಡಿಸಿಕೊಂಡಳು.